ಹಾಳೆಯೊಳಗಿನ ಗೆರೆಗೆ ಮುಗಿಯದ ಉದ್ದ ಬರುವುದು ಹೇಗೆ?

ಕುಂಬಳೆ ಪೇಟೆಯಲ್ಲಿ ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ, ಮದುವೆಯೂಟದ ಪಂಕ್ತಿಯಲ್ಲಿ ಪಕ್ಕದವರು ಮಾತಿಗೆಳೆದಾಗ, ಗಣಿತ ಕಲಿಸಿದವನೆಂಬ ಕಾರಣಕ್ಕೆ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: "ಮಾಷ್ಟ್ರೇ, ಒಂದು ಹಾಳೆಯಲ್ಲಿ ಹಿಡಿಸುವ ಗೆರೆಯ ಉದ್ದ ಅನಂತ ಎನ್ನುತ್ತಾರಲ್ಲ, ಅದು ಹೇಗೆ?" ಫ್ರ್ಯಾಕ್ಟಲ್‌ಗಳ (ಎಷ್ಟು ಹಿಗ್ಗಿಸಿ ನೋಡಿದರೂ ಅಂಥದ್ದೇ ಅಂಕುಡೊಂಕು ಮತ್ತೆ ಮತ್ತೆ ಕಾಣುವ ಆಕೃತಿಗಳ) ಬಣ್ಣದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದವರೇ ಹೆಚ್ಚಾಗಿ ಹೀಗೆ ಕೇಳುತ್ತಾರೆ. ಆ ಚಿತ್ರಗಳು ಕಣ್ಣಿಗೆ ಹಬ್ಬವೇ ಸರಿ; ಅರ್ಥ ಮಾಡಿಸುವ ಕೆಲಸಕ್ಕೆ ಮಾತ್ರ ಅವು ಒದಗುವುದಿಲ್ಲವೆಂದು ನನ್ನ ಅಭಿಪ್ರಾಯ. ಪೆನ್ಸಿಲು, ಸ್ಕೇಲು ಮತ್ತು ರಬ್ಬರು ಹಿಡಿದು ಕುಳಿತುಕೊಳ್ಳುವುದು ಲೇಸು.

ಹಾಳೆಯನ್ನು ಅಡ್ಡಲಾಗಿಟ್ಟು 27 ಸೆಂ.ಮೀ. ಉದ್ದದ ನೇರ ಗೆರೆಯೊಂದನ್ನು ಎಳೆಯಿರಿ. ಅದನ್ನು ಮೂರು ಸಮಪಾಲು ಮಾಡಿ, ನಡುವಿನ ಪಾಲನ್ನು ಅಳಿಸಿ, ಅಲ್ಲಿ ತಲಾ 9 ಸೆಂ.ಮೀ. ಉದ್ದದ ಎರಡು ಗೆರೆಗಳನ್ನು ಮನೆಯ ಮಾಡಿನಂತೆ ಒಂದಕ್ಕೊಂದು ಆನಿಸಿ. ಈಗ ನಾಲ್ಕು ತುಂಡುಗಳಾದವು, ಒಟ್ಟು ಉದ್ದ 36 ಸೆಂ.ಮೀ. ಆಯಿತು. ಆ ನಾಲ್ಕಕ್ಕೂ ಇದೇ ಕ್ರಮವನ್ನು ಅನ್ವಯಿಸಿದರೆ 48, ಇನ್ನೊಮ್ಮೆ ಮಾಡಿದರೆ 64. ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ಫಾನ್ ಕೋಖ್ ಎಲ್ಲಿಯೂ ಸ್ಪರ್ಶಕ (ಒಂದು ಬಿಂದುವಿನಲ್ಲಿ ಮುಟ್ಟಿ ಅಲ್ಲಿನ ದಿಕ್ಕನ್ನು ತೋರುವ ನೇರ ಗೆರೆ) ಎಳೆಯಲಾಗದ ಗೆರೆಯೊಂದನ್ನು ತೋರಿಸುವುದಕ್ಕಾಗಿ 1904ರಲ್ಲಿ ಪ್ರಕಟಿಸಿದ ರಚನೆ ಇದು. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ: 43ನೆಯ ಸುತ್ತಿಗೆ ಉದ್ದ 63 ಕಿಲೋಮೀಟರ್ ದಾಟುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಅಷ್ಟು ದೂರವಿಲ್ಲ! ಆದರೂ ಗೆರೆ ತಾನು ಹೊರಟ ಜಾಗದಿಂದ ಎಂಟು ಸೆಂಟಿಮೀಟರ್ ಎತ್ತರಕ್ಕೂ ಏರುವುದಿಲ್ಲ.

ಉದ್ದ ಹೆಚ್ಚಿದರೆ ಜಾಗವೂ ಹೆಚ್ಚಬೇಕೆಂದು ನಾವು ಕೇಳದೆಯೇ ನಂಬಿಬಿಡುತ್ತೇವೆ, ಎಡವುವುದು ಅಲ್ಲಿಯೇ. ಪ್ರತಿ ಸುತ್ತಿನಲ್ಲಿ ಹೊಸ ಮಾಡುಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಒಂದೊಂದರ ಬದಿ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಬದಿ ಹಾಗೆ ಇಳಿದಾಗ ಕ್ಷೇತ್ರಫಲ ಒಂಬತ್ತರಲ್ಲೊಂದು ಪಾಲಿಗೆ ಇಳಿಯುವುದರಿಂದ, ಹೊಸದಾಗಿ ತುಂಬುವ ಜಾಗ ಹಿಂದಿನ ಸುತ್ತಿನಲ್ಲಿ ತುಂಬಿದ್ದರ 4/9 ಮಾತ್ರ. ಎಷ್ಟು ಸುತ್ತು ಕೂಡಿಸಿದರೂ ಒಟ್ಟು 64 ಚದರ ಸೆಂ.ಮೀ. ಮೀರದು. ಉದ್ದದ ಲೆಕ್ಕದಲ್ಲಾದರೋ ಭಾಗಿಸುವುದು ಮೂರರಿಂದ, ಆದ್ದರಿಂದ ಪ್ರತಿ ಸಲವೂ 4/3 ಪಟ್ಟು. ಇಡೀ ಗುಟ್ಟು ಒಂಬತ್ತಕ್ಕೂ ಮೂರಕ್ಕೂ ನಡುವಿನ ವ್ಯತ್ಯಾಸದಲ್ಲಿದೆ.

ಪೆನ್ಸಿಲು ಮಾತ್ರ ಐದನೆಯ ಸುತ್ತಿಗೇ ಸೋಲುತ್ತದೆ, ಏಕೆಂದರೆ ಆಗ ತುಂಡಿನ ಉದ್ದ ಒಂದು ಮಿಲಿಮೀಟರಿನ ಆಸುಪಾಸಿಗೆ ಬಂದಿರುತ್ತದೆ. ಅನಂತವೆಂಬುದು ನಿಯಮದಲ್ಲಿದೆ, ಹಾಳೆಯ ಮೇಲಲ್ಲ.

ಒಮ್ಮೆ ಮಕ್ಕಳನ್ನು ನಮ್ಮ ಅಡಿಕೆ ತೋಟದಂಚಿನ ತೋಡಿಗೆ ಕರೆದೊಯ್ದು, ಅದರ ದಡವನ್ನು ಅಳೆಯಲು ಹೇಳಿದೆ. 12 ಅಡಿಯ ದೋಟಿಯನ್ನು ಮಗುಚಿ ಮಗುಚಿ ಇಟ್ಟವರಿಗೆ 264 ಅಡಿ ಸಿಕ್ಕಿತು. 3 ಅಡಿಯ ಕೋಲು ಹಿಡಿದವರಿಗೆ, ದೋಟಿ ಹಾರಿಹೋದ ತಿರುವುಗಳೆಲ್ಲ ಲೆಕ್ಕಕ್ಕೆ ಬಂದದ್ದರಿಂದ, 312 ಅಡಿ. ದೇಶಗಳ ಗಡಿಗಳಲ್ಲಿಯೂ ಇದೇ ಕಥೆ. ಸ್ಪೇನ್ ಮತ್ತು ಪೋರ್ಚುಗಲ್ ತಮ್ಮ ನಡುವಿನ ಒಂದೇ ಗಡಿಯನ್ನು 987 ಮತ್ತು 1214 ಕಿಲೋಮೀಟರ್ ಎಂದು ಬರೆದುಕೊಂಡಿದ್ದುದನ್ನು ಇಂಗ್ಲೆಂಡಿನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಗುರುತಿಸಿದ್ದರು (ಗಡಿನಾಡಿನವರಾದ ನಮಗೆ ಇದರಲ್ಲಿ ತುಸು ಹೆಚ್ಚೇ ಆಸಕ್ತಿ). ಆ ಕೆಲಸವನ್ನು ಮುಂದುವರಿಸಿ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದವನ್ನು ಕುರಿತು ಬರೆದರು. ಫ್ರ್ಯಾಕ್ಟಲ್ ಎಂಬ ಹೆಸರನ್ನು ಅವರು ಕೊಟ್ಟದ್ದು 1975ರಲ್ಲಿ. ಇಂತಹ ಗೆರೆಗಳಿಗೆ ಉದ್ದಕ್ಕಿಂತ ಅಂಕುಡೊಂಕಿನ ಪ್ರಮಾಣವೇ (ಗಣಿತದ ಮಾತಿನಲ್ಲಿ ಆಯಾಮ) ತಕ್ಕ ಅಳತೆ. ಕೋಖ್ ಗೆರೆಗೆ ಅದು ಸುಮಾರು 1.26, ಅಂದರೆ ನೇರ ಗೆರೆಯ ಒಂದಕ್ಕಿಂತ ಹೆಚ್ಚು, ಹಾಳೆಯ ಎರಡಕ್ಕಿಂತ ಕಡಿಮೆ.

ನಮ್ಮ ತೋಡಿನ ದಡವೇನೂ ಅನಂತವಲ್ಲ, ಮರಳಿನ ಕಣಕ್ಕಿಂತ ಕೆಳಗೆ ದಡವೆಂಬ ಮಾತಿಗೇ ಅರ್ಥವಿಲ್ಲ. ಆದರೆ ಅಂದು ಹುಡುಗನೊಬ್ಬ, "ಹಾಗಾದರೆ ಪುಸ್ತಕದಲ್ಲಿ ಯಾವುದನ್ನು ಬರೆಯಲಿ ಮಾಷ್ಟ್ರೇ?" ಎಂದು ಕೇಳಿದಾಗ, ಎರಡನ್ನೂ ಬರೆದು ಪಕ್ಕದಲ್ಲಿ ಕೋಲಿನ ಉದ್ದವನ್ನೂ ಬರೆ ಎಂದೆ.