ಎಫ್‌ಎಸ್-70ರ ಟ್ಯಾಪೆಟ್ ಸದ್ದಿಗೆ ಕೊನೆಗೂ ಕಾರಣ ಸಿಕ್ಕಿತು

ಸೆಕೆಂಡ್‌ಹ್ಯಾಂಡ್ ಆಗಿ ಬಂದ ಓ.ಎಸ್. ಎಫ್‌ಎಸ್-70 ಸರ್ಪಾಸ್ ಎಂಬ, ಮಾದರಿ ವಿಮಾನದ ಫೋರ್-ಸ್ಟ್ರೋಕ್ ಎಂಜಿನ್ನನ್ನು ಬಿಚ್ಚಿ ತೊಳೆದು ಬೇರಿಂಗ್ ಬದಲಿಸಿದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ ಆದ್ದರಿಂದ ಅದನ್ನು ಬಿಟ್ಟು, ಎಕ್ಸಾಸ್ಟ್ ಬದಿಯ ಹಟಮಾರಿ ಸದ್ದಿನ ವಿಷಯಕ್ಕೇ ಬರುತ್ತೇನೆ.

ಎಂಜಿನ್ ತಣ್ಣಗಿದ್ದಾಗ, ಕಂಪ್ರೆಶನ್ ಟಿಡಿಸಿಯಲ್ಲಿ (ಪಿಸ್ಟನ್ ತೀರ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿ) ನಿಲ್ಲಿಸಿ, ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಗ್ಯಾಪನ್ನು ಫೀಲರ್ ಗೇಜಿನ ತೆಳು ಬ್ಲೇಡುಗಳಿಂದ ನೋಡಿದರೆ, 0.04 ಮಿ.ಮೀ. ಬ್ಲೇಡು ಎರಡೂ ವಾಲ್ವುಗಳ ಮೇಲೆ ಹದವಾಗಿ ಹಿಡಿದು ಜಾರುತ್ತಿತ್ತು, 0.10ರದು ತೂರುತ್ತಲೇ ಇರಲಿಲ್ಲ. ಆದರೂ ಸ್ಟಾರ್ಟ್ ಮಾಡಿದೊಡನೆ ಎಣ್ಣೆ ಕಾಣದ ಹೊಲಿಗೆ ಯಂತ್ರದಂತೆ ಟಕಟಕ ಶುರುವಾಗುತ್ತಿತ್ತು.

ಮೊದಲ ಅನುಮಾನ ಸಹಜವಾಗಿಯೇ ಕ್ಯಾಮ್ ಮೇಲೆ ಹೋಯಿತು. ಅದರ ಉಬ್ಬುಗಳೇ (ಲೋಬ್) ಟ್ಯಾಪೆಟ್ ಮತ್ತು ಪುಶ್‌ರಾಡ್ ಮೂಲಕ ರಾಕರನ್ನು ತಳ್ಳಿ ವಾಲ್ವ್ ತೆರೆಸುವುದು. ಇಂಧನದಲ್ಲಿರುವ ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಅದರ ಜೊತೆಗಿನ ನೈಟ್ರೋಮೀಥೇನ್ ಉರಿದ ಮೇಲೆ ಉಳಿಯುವ ಶೇಷದಲ್ಲಿ ಆಮ್ಲವಿರುತ್ತದೆ. ಇವೆರಡೂ ಬ್ಲೋ-ಬೈ (ಪಿಸ್ಟನ್ ಪಕ್ಕದಿಂದ ಸೋರುವ ಅನಿಲ) ಜೊತೆಗೆ ಕ್ರ್ಯಾಂಕ್‌ಕೇಸಿಗೆ ಇಳಿದು, ಆಫ್ಟರ್‌ರನ್ ಎಣ್ಣೆ (ಓಡಿಸಿ ಮುಗಿದ ಮೇಲೆ ತುಕ್ಕು ತಡೆಯಲು ಹಾಕುವುದು) ಹಾಕದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಎಂಜಿನ್ನಿನ ಲೋಬ್ ಮೇಲೆ ತುಕ್ಕಿನ ಗುಳಿ ಕೊರೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಮಾರಾಟಗಾರರೊಬ್ಬರು ಹೊಸ ಕ್ಯಾಮ್ ಇದೆಯೆಂದು ಫೋಟೋ ಕಳಿಸಿದರು. ಅದರಲ್ಲಿ ಹೊಸದಾಗಿದ್ದುದು ಬೆಲೆಯೊಂದೇ. ಅದೃಷ್ಟಕ್ಕೆ, ಲೆನ್ಸ್ ಇಟ್ಟು ನೋಡಿದಾಗ ನನ್ನ ಹಳೆಯ ಕ್ಯಾಮ್ ಲೋಬುಗಳೂ ಟ್ಯಾಪೆಟ್ ಮುಖಗಳೂ ನಯವಾಗಿಯೇ ಇದ್ದವು. ಪುಶ್‌ರಾಡ್‌ಗಳನ್ನು ಅದಲುಬದಲು ಮಾಡಿದರೂ ಸದ್ದು ಎಕ್ಸಾಸ್ಟ್ ಬದಿ ಬಿಟ್ಟು ಕದಲಲಿಲ್ಲ.

ಕೊನೆಗೆ ಫೀಲರ್ ಗೇಜನ್ನು ಬದಿಗಿಟ್ಟು, ಡಯಲ್ ಗೇಜಿನ ಮೊನೆಯನ್ನು ರಾಕರಿನ ಮೂತಿಯ ಮೇಲಿಟ್ಟು ಕೈಯಿಂದ ಅಲ್ಲಾಡಿಸಿದಾಗ, 0.04 ಇರಬೇಕಾದ ಕಡೆ ಮುಳ್ಳು 0.19 ತೋರಿಸಿತು. ರಾಕರ್ ಬಿಚ್ಚಿ ಬೆಳಕಿಗೆ ಓರೆಯಾಗಿ ಹಿಡಿದರೆ, ವಾಲ್ವ್ ಕಾಂಡ ತಾಗುವ ಜಾಗದಲ್ಲಿ ಅದರ ತುದಿಯಷ್ಟೇ ಅಗಲದ ಹೊಳೆಯುವ ತಗ್ಗು. ಅಗಲವಾದ ಬ್ಲೇಡು ತಗ್ಗಿನ ಅಂಚುಗಳ ಮೇಲೆ ಸೇತುವೆಯಂತೆ ಕೂತು ಬಿಗಿ ತೋರಿಸುತ್ತಿತ್ತು. ಬ್ಲೇಡು ತೆಗೆದ ಮೇಲೆ ತಗ್ಗಿನ ಆಳವೂ ಗ್ಯಾಪಿಗೆ ಸೇರುತ್ತಿತ್ತು. ಲೋಬಿನ ಆರಂಭದ ಮೆಲ್ಲನೆಯ ಏರು ಇಷ್ಟು ದೊಡ್ಡ ಗ್ಯಾಪಿನಲ್ಲೇ ಕಳೆದುಹೋಗಿ, ರಾಕರು ಕಾಂಡವನ್ನು ಒತ್ತುವ ಬದಲು ಬಡಿಯುತ್ತಿತ್ತು. ಬಡಿದಷ್ಟೂ ತಗ್ಗು ಆಳವಾಗುತ್ತಿತ್ತು.

ವಾಲ್ವ್ ಬಿಚ್ಚುವವರಿಗೆ ಒಂದು ಎಚ್ಚರಿಕೆ. ಏಟು ತಿಂದ ಕಾಂಡದ ತುದಿ ಅಣಬೆಯಂತೆ ಅರಳಿರುತ್ತದೆ. ಆ ಅಂಚನ್ನು ನುಣುಪಾದ ಸಾಣೆಕಲ್ಲಿನಿಂದ ಮೊದಲು ತೆಗೆಯದೆ ವಾಲ್ವನ್ನು ಎಳೆದರೆ ಕಾಂಡ ಜಾರುವ ಗೈಡ್ ಕೊಳವೆ ಗೀರಿಹೋಗುತ್ತದೆ.

ಇದೇ ಎಂಜಿನ್ನಿಗೆ ಹಟ ಹಿಡಿಯಲು ಕಾರಣವೂ ಉಂಟು. ಮುಂದಿನ ಯೋಜನೆ ಎಚ್‌ಎಎಲ್ ಪುಷ್ಪಕ್: 1958ರಲ್ಲಿ ಮೊದಲು ಹಾರಿದ, ಬೆಂಗಳೂರಿನಲ್ಲೇ ತಯಾರಾದ ಎರಡು ಸೀಟಿನ ವಿಮಾನ. ಐದನೇ ಒಂದು ಅಳತೆಯ ಮಾದರಿಯಲ್ಲಿ ಅದರ ರೆಕ್ಕೆ ಸುಮಾರು 2.2 ಮೀಟರ್ ಆಗುತ್ತದೆ. ಅದರ ಮೂತಿಯಲ್ಲಿ ಟೂ-ಸ್ಟ್ರೋಕ್ ಕಿರುಚಾಟ ಕೇಳುವುದಕ್ಕಿಂತ ವಿಮಾನ ಕಟ್ಟದಿರುವುದೇ ಲೇಸು. ಮಾದರಿ ಕಟ್ಟುವ ಬಾಲ್ಸಾ ಮರದ ಪೂರೈಕೆದಾರರ ನೇರವಲ್ಲದ ಹಲಗೆಗಳ ಬಗ್ಗೆ ಆಗ ಬರೆಯುತ್ತೇನೆ.

ಸದ್ಯಕ್ಕೆ ರಾಕರಿನ ತಗ್ಗನ್ನು ಸಾಣೆಕಲ್ಲಿನಲ್ಲಿ ಮೂಲ ಬಾಗು ಕೆಡದಂತೆ ಉಜ್ಜಿ, ಗ್ಯಾಪನ್ನು ಡಯಲ್ ಗೇಜಿನಲ್ಲೇ 0.06ಕ್ಕೆ ಕೂರಿಸಿದ್ದೇನೆ. ಸದ್ದು ಹೋಗಿದೆ, ಐಡಲ್ ಸ್ಥಿರವಾಗಿದೆ. ಆದರೆ ಗಟ್ಟಿ ಪದರವಿರುವುದು ಮೇಲ್ಮೈಯಲ್ಲಿ ಮಾತ್ರ, ಉಜ್ಜಿದ ಮೇಲೆ ಒಳಗಿನ ಮೆದು ಲೋಹ ಬೇಗ ಸವೆಯುತ್ತದೆ. ಆದ್ದರಿಂದ ಹೊಸ ರಾಕರ್ ಜೋಡಿಗೆ ಹಣ ಕಟ್ಟಿದ್ದೇನೆ. ಅದು ಬರುವವರೆಗೆ ಪ್ರತಿ ಹಾರಾಟದ ನಂತರವೂ ರಾಕರ್ ಕವರ್ ಬಿಚ್ಚಿ ಅಳೆಯಬೇಕು.