ಬಾತ್‌ಟಬ್ ಬುಡದ ಸಂದಿಗೆ ಬಿಳಿ ಸಿಮೆಂಟ್ ಬೇಡ

ಟಬ್ಬಿನ ಬುಡಕ್ಕೂ ನೆಲದ ಟೈಲ್ಸಿಗೂ ನಡುವೆ ಸಂದು ಕಂಡರೆ ಗಾರೆಯವರು ಬಿಳಿ ಸಿಮೆಂಟ್ ಕಲಸಿ ಮೆತ್ತಿಬಿಡುತ್ತಾರೆ. ಆ ದಿನಕ್ಕೆ ಚೊಕ್ಕವಾಗಿಯೇ ಕಾಣುತ್ತದೆ. ಆಮೇಲೆ ಕೂದಲೆಳೆಯಷ್ಟು ಬಿರುಕು, ಅದರ ಹಿಂದೆಯೇ ಚಕ್ಕೆ ಏಳುವುದು. ಸಾಮಾನ್ಯ ಅಕ್ರಿಲಿಕ್ ಟಬ್ 150ರಿಂದ 200 ಲೀಟರ್ ನೀರು ಹಿಡಿಯುತ್ತದೆ. ಅಷ್ಟೇ ಕೆ.ಜಿ. ಭಾರ, ಜೊತೆಗೆ ಒಳಗೆ ಕೂತವರ ತೂಕ. ತುಂಬಿದಾಗ ಟಬ್ ತುಸು ಕೂರುತ್ತದೆ, ಖಾಲಿಯಾದಾಗ ಏಳುತ್ತದೆ. ಸಿಮೆಂಟಿಗಾಗಲಿ ಟೈಲ್‌ಗಳ ನಡುವಿನ ಗೆರೆ ತುಂಬುವ ಗ್ರೌಟಿಗಾಗಲಿ ಈ ಏರಿಳಿತ ತಡೆಯುವ ಶಕ್ತಿಯಿಲ್ಲ. ಅಲ್ಲಿಗೆ ಬೇಕಾದ್ದು ರಬ್ಬರಿನಂತೆ ಹಿಗ್ಗಿ ಕುಗ್ಗುವ ಸ್ಯಾನಿಟರಿ ಸಿಲಿಕೋನ್.

ಆದರೆ ಸಿಲಿಕೋನ್ ಒತ್ತುವ ಗನ್ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ. ಟಬ್ಬಿನಡಿ ಸೋರುತ್ತಿರುವಾಗ ಬುಡ ಮುಚ್ಚಿದರೆ ಆ ನೀರು ಒಳಗೇ ನಿಂತು ಕೆಳಗಿನ ಮನೆಯ ಸೀಲಿಂಗಿಗೆ ಇಳಿಯುತ್ತದೆ. ಸಂದಿಯುದ್ದಕ್ಕೂ ಟಿಶ್ಯೂ ಪೇಪರ್ ತುರುಕಿ. ಟಬ್ ತುಂಬಿಸಿ ಒಂದು ಗಂಟೆ ಬಿಟ್ಟಾಗ ಒದ್ದೆಯಾದರೆ ಅನುಮಾನ ವೇಸ್ಟ್ ಕಪ್ಲಿಂಗಿನ, ಅಂದರೆ ಟಬ್ಬಿನ ನೀರು ಹೊರಹೋಗುವ ತೂತಿನ ಜೋಡಣೆಯ, ವಾಷರ್ ಮೇಲೆ. ತುಂಬಿದ ನೀರನ್ನು ಹೊರಬಿಟ್ಟಾಗ ಮಾತ್ರ ಒದ್ದೆಯಾದರೆ ಟ್ರ್ಯಾಪ್ (ಟಬ್ಬಿನಡಿಯ ಬಾಗಿದ ಪೈಪು) ಅಥವಾ ಪೈಪಿನ ಜಾಯಿಂಟ್. ಶವರ್ ಹಾಕಿದಾಗ ಮಾತ್ರ ಅಂದರೆ ಮೇಲೆ ಗೋಡೆಯ ಕಡೆಯ ಸೀಲ್ ಹೋಗಿದೆ. ನೆಲ ತೊಳೆದಾಗ ಮಾತ್ರ ಒದ್ದೆಯಾಗುತ್ತಿದ್ದರೆ ಕೆಲಸ ನಿಜವಾಗಿಯೂ ಬುಡದ್ದೇ. ಬಕೆಟ್‌ಗಟ್ಟಲೆ ನೀರು ಹೊಯ್ದು ಬಚ್ಚಲು ತೊಳೆಯುವ ನಮ್ಮ ಮನೆಗಳಲ್ಲಿ ಇದೇ ಹೆಚ್ಚು.

ಇನ್ನೊಂದು ಪರೀಕ್ಷೆಯೂ ಬೇಕು. ವಿಸಿಟಿಂಗ್ ಕಾರ್ಡನ್ನು ಸಂದಿಗೆ ಬಿಗಿಯಾಗಿ ಸಿಗುವಷ್ಟು ಮಡಿಸಿ ಇಡಿ. ಟಬ್ ತುಂಬುವ ಮುಂಚೆಯೂ ಆಮೇಲೂ ಹೀಗೆ ಮಡಿಸಿದ ಕಾರ್ಡಿನ ದಪ್ಪ ಅಳೆಯಿರಿ, ಅದೇ ಸಂದಿನ ಅಳತೆ. ಒಂದೆರಡು ಮಿ.ಮೀ.ಗಿಂತ ಹೆಚ್ಚು ಬದಲಾದರೆ ಟಬ್ಬಿನ ಕಾಲುಗಳು ಸಡಿಲವಾಗಿವೆ. ಅವುಗಳ ಲಾಕ್ ನಟ್ ಬಿಗಿಮಾಡದೆ ಎಂಥ ಸಿಲಿಕೋನ್ ಹಾಕಿದರೂ ನಿಲ್ಲದು.

ಸಂದಿಯಲ್ಲಿರುವ ಹಳೆಯ ಸಿಮೆಂಟ್, ಸಿಲಿಕೋನ್ ಪೂರ್ತಿ ಕಿತ್ತು ತೆಗೆಯಬೇಕು, ಏಕೆಂದರೆ ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನ್ ಅಂಟುವುದಿಲ್ಲ. ಟೈಲ್ಸ್ ಕಡೆ ಬ್ಲೇಡ್ ನಡೆಯುತ್ತದೆ. ಟಬ್ಬಿನ ಕಡೆ ಪ್ಲಾಸ್ಟಿಕ್ ಸ್ಕ್ರೇಪರ್ರೇ ಆಗಬೇಕು, ಕಬ್ಬಿಣ ಅಕ್ರಿಲಿಕ್ಕನ್ನು ಗೀರುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಥಿನ್ನರ್, ಅಸಿಟೋನ್ ಹತ್ತಿರ ಸುಳಿಯಬಾರದು, ಅಕ್ರಿಲಿಕ್ ಕರಗಿ ಮಂಕಾಗುತ್ತದೆ. ಒಂದು ದಿನ ಒಣಗಲು ಬಿಡಿ. ಟೈಲ್ಸಿನ ಗ್ರೌಟ್ ಗೆರೆಗಳಲ್ಲಿ ಕೂತ ತೇವಕ್ಕೆ ಹೇರ್ ಡ್ರೈಯರ್ ಹಿಡಿಯಿರಿ. ಎಷ್ಟೋ ಸೀಲ್‌ಗಳು ಮೊದಲು ಬಿಡುವುದು ಅಲ್ಲಿಂದಲೇ.

ನೆಲ ಮಾರ್ಬಲ್ ಅಥವಾ ಕಡಪ ಕಲ್ಲಾದರೆ ವಿನಿಗರ್ ವಾಸನೆಯ ಸಿಲಿಕೋನ್ ತರಬೇಡಿ. ಅದರಿಂದ ಬಿಡುಗಡೆಯಾಗುವ ಆಮ್ಲ ಕಲ್ಲನ್ನು ತಿನ್ನುತ್ತದೆ. ಆಮ್ಲ ಬಿಡದ ‘ನ್ಯೂಟ್ರಲ್ ಕ್ಯೂರ್’ ಬಗೆಯದು ಕೇಳಿ. 280 ಮಿ.ಲೀ. ಟ್ಯೂಬಿನಲ್ಲಿ 6 ಮಿ.ಮೀ. ಅಗಲ, 6 ಮಿ.ಮೀ. ಆಳದ ಗೆರೆ ಏಳೂವರೆ ಮೀಟರ್ ಬರುತ್ತದೆ. ಎರಡು ಬದಿ ತೆರೆದ ಟಬ್ಬಿಗೆ ಎರಡೂವರೆ ಮೀಟರ್ ಸಾಕು. ಸಂದು 6 ಮಿ.ಮೀ.ಗಿಂತ ಅಗಲವಿದ್ದರೆ ಬ್ಯಾಕರ್ ರಾಡ್ ಎನ್ನುವ ಫೋಮ್ ಹಗ್ಗವನ್ನು ಮೊದಲು ತುರುಕಿ. ಸಂದಿಗಿಂತ ಕಾಲುಭಾಗ ದಪ್ಪ ಇರಲಿ, 8 ಮಿ.ಮೀ.ಗೆ 10ರದ್ದು. ಹಗ್ಗವಿದ್ದರೆ ಸಿಲಿಕೋನ್ ಟಬ್ಬಿಗೂ ಟೈಲ್ಸಿಗೂ ಮಾತ್ರ ಅಂಟುತ್ತದೆ. ಹಿಂಬದಿಗೂ ಹಿಡಿದುಕೊಂಡರೆ ಎಳೆತ ಬಂದಾಗ ನಡುವೆಯೇ ಹರಿಯುತ್ತದೆ.

ಗೋಡೆಯ ಕಡೆಯ ಸೀಲ್ ಟಬ್ ತುಂಬಿಸಿಟ್ಟು ಮಾಡಬೇಕು ಎಂದು ಹೇಳುವುದುಂಟು. ಅದು ಸರಿಯೇ, ಭಾರಕ್ಕೆ ಅಲ್ಲಿ ಸಂದು ಅಗಲವಾಗುತ್ತದೆ. ಬುಡದಲ್ಲಿ ಲೆಕ್ಕ ಉಲ್ಟಾ, ಭಾರಕ್ಕೆ ಸಂದು ಕಿರಿದಾಗುತ್ತದೆ. ಹಾಗಾಗಿ ಖಾಲಿ ಟಬ್ಬಿಗೇ ಹಾಕಿ. ಆಗ ಸಿಲಿಕೋನ್ ಒತ್ತಿಕೊಳ್ಳುತ್ತದೆಯೇ ಹೊರತು ಅಂಚು ಬಿಡುವಂತೆ ಎಳೆಯಲ್ಪಡುವುದಿಲ್ಲ.

ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಾಜಲನ್ನು ಓರೆಯಾಗಿ ಸಂದಿನಷ್ಟೇ ಅಗಲಕ್ಕೆ ಕತ್ತರಿಸಿ, ನಿಲ್ಲಿಸದೆ ಒಂದೇ ಎಳೆ ಎಳೆಯಿರಿ. ಗ್ರೌಟ್ ಗೆರೆ ಸಿಕ್ಕಲ್ಲೆಲ್ಲ ಕೈ ನಿಧಾನಿಸಿ ಚೂರು ಹೆಚ್ಚು ಒತ್ತಿ, ಅಲ್ಲಿ ತಗ್ಗಿರುತ್ತದೆ. ಸೋಪಿನ ನೀರಿನಲ್ಲಿ ಅದ್ದಿದ ಬೆರಳಿಂದ ಒಂದೇ ಸಲ ಸವರಿ. ನೀರು ಸಿಲಿಕೋನಿನ ಅಡಿಗೆ ಹೋಗಬಾರದು. ತೊಗಲು ಕಟ್ಟುವ ಮುಂಚೆ, ಅಂದರೆ ಐದು ನಿಮಿಷದೊಳಗೆ, ಟೇಪ್ ಕೀಳಿ.

ಜಾಲಿಯ ಕಡೆಯ ತಗ್ಗು ಮೂಲೆಯಲ್ಲಿ ಎರಡು ಸೆಂ.ಮೀ. ಜಾಗ ಹಾಕದೆ ಬಿಡಿ. ಮುಂದೆ ಒಳಗೇನಾದರೂ ಸೋರಿದರೆ ಅಲ್ಲಿಂದ ಹೊರಬಂದು ನಿಮಗೆ ಗೊತ್ತಾಗುತ್ತದೆ. ಸಿಲಿಕೋನ್ ದಿನಕ್ಕೆ ಎರಡು ಮೂರು ಮಿ.ಮೀ. ಆಳಕ್ಕಷ್ಟೇ ಗಟ್ಟಿಯಾಗುವುದರಿಂದ 6 ಮಿ.ಮೀ. ಹಾಕಿದ್ದರೆ ಮೂರು ದಿನ ಆ ಬಚ್ಚಲಿಗೆ ನೀರು ಹೊಯ್ಯಬೇಡಿ, ಟಬ್ಬನ್ನೂ ತುಂಬಿಸಬೇಡಿ.