ಸಾಶೋ ಚಾರ್ಟ್: ನಾಲ್ಕೂವರೆ ಮೀಟರ್ ಕಾಗದ, ಒಬ್ಬ ಗೋಲ್‌ಕೀಪರ್

ಮೊದಲ ವಾರ

ಯಾಕೆ ಈ ಕೆಲಸ ಅಂತ ಮನೆಯಲ್ಲಿ ಆಗಲೇ ಮೂರು ಸಲ ಕೇಳಿದ್ದಾರೆ, ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ. ಒಬ್ಬ ಫುಟ್‌ಬಾಲ್ ಆಟಗಾರನ ಇಡೀ ಆಟದ ಬದುಕನ್ನು ಒಂದೇ ಉದ್ದನೆಯ ಕಾಗದದ ಮೇಲೆ ಎಡದಿಂದ ಬಲಕ್ಕೆ ಬರೆದು ಗೋಡೆಗೆ ಅಂಟಿಸಬೇಕು ಅನ್ನೋದು ನನ್ನ ಹಳೇ ಆಸೆ. ಗೋಲು ಹೊಡೆಯುವವರ ಚಾರ್ಟ್ ಯಾರು ಬೇಕಾದರೂ ಮಾಡುತ್ತಾರೆ. ನಾನು ಆರಿಸಿಕೊಂಡಿದ್ದು ಗೋಲ್‌ಕೀಪರ್. ಹೆಸರು ಒಲೆಕ್ಸಾಂಡರ್ ಶೋವ್ಕೋವ್ಸ್ಕಿ. ಹುಟ್ಟಿದ್ದು 1975ರ ಜನವರಿ 2ರಂದು, ಉಕ್ರೇನ್‌ನ ಕೀವ್‌ನಲ್ಲಿ. ಆಡಿದ್ದು ಡೈನಮೊ ಕೀವ್‌ಗೆ, ನಿವೃತ್ತಿ ಆಗಿದ್ದೂ ಡೈನಮೊ ಕೀವ್‌ನಿಂದಲೇ, 2016ರ ಕೊನೆಗೆ. ಊರೂ ಬದಲಾಗಲಿಲ್ಲ, ಕ್ಲಬ್ಬೂ ಬದಲಾಗಲಿಲ್ಲ. ಚಾರ್ಟ್ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗಲ್ಲ.

ಅಭಿಮಾನಿಗಳು ಇವರನ್ನು ಸಾಶೋ ಅಂತ ಕರೆಯುತ್ತಾರೆ. ಒಲೆಕ್ಸಾಂಡರ್‌ಗೆ ಮುದ್ದಿನ ಹೆಸರು ಸಾಶಾ, ಅದರ ಮೊದಲ ಭಾಗ, ಜೊತೆಗೆ ಮನೆತನದ ಹೆಸರಿನ ಮೊದಲ ಭಾಗ. ಅವರ ಲಿಪಿಯಲ್ಲಿ ಇದಕ್ಕೆ ನಾಲ್ಕು ಅಕ್ಷರ ಬೇಕು, ನಮಗೆ ಎರಡೇ: ಸಾ, ಶೋ. ಚಾರ್ಟ್‌ನ ತಲೆಬರಹ ಹೀಗೆ ಸಲೀಸಾಗಿ ಮುಗಿಯಿತು. ಮುಗಿದದ್ದು ಅದೊಂದೇ.

ಲೆಕ್ಕ ಹೀಗೆ. ಉಕ್ರೇನ್ ರಾಷ್ಟ್ರೀಯ ತಂಡಕ್ಕೆ ಮೊದಲ ಸಲ ಆಡಿದ 1994ರಿಂದ 2016ರವರೆಗೆ 23 ವರ್ಷ. ವರ್ಷಕ್ಕೆ 20 ಸೆಂಟಿಮೀಟರ್. ಒಟ್ಟು 4.6 ಮೀಟರ್. ನನ್ನ ಕೋಣೆಯ ಉದ್ದದ ಗೋಡೆ 3.3 ಮೀಟರ್ ಅಷ್ಟೇ. ಅಂದರೆ 2010ರ ಮಧ್ಯದಲ್ಲಿ ಗೋಡೆ ತಿರುಗುತ್ತದೆ, ಪರವಾಗಿಲ್ಲ ಅಂದುಕೊಂಡೆ. ಒಂದು ಗ್ರಾಫ್ ಹಾಳೆಗೆ ಎರಡು ವರ್ಷ ಹಿಡಿಸುತ್ತದೆ, ಹನ್ನೆರಡು ಹಾಳೆ ತಂದೆ. ನಿಯಮ ಒಂದೇ: ನಾನು ಕೂತು ಹಳೇ ವಿಡಿಯೊದಲ್ಲಿ ನೋಡಿದ ಪಂದ್ಯಕ್ಕೆ ಮಾತ್ರ ಜಾಗ. ಸಾಶೋ ಎದುರಾಳಿಗೆ ಬಿಟ್ಟ ಒಂದು ಗೋಲಿಗೆ 2 ಸೆಂಟಿಮೀಟರ್ ಎತ್ತರದ ಕಂಬ. ಕ್ಲಬ್ ಪಂದ್ಯ ನೀಲಿ, ದೇಶದ ಪಂದ್ಯ ಹಳದಿ.

ಎರಡನೇ ವಾರ

ಹಳದಿ ಸ್ಕೆಚ್ ಪೆನ್ ಗ್ರಾಫ್ ಹಾಳೆಯ ಮೇಲೆ ಕಾಣಿಸೋದೇ ಇಲ್ಲ. ಟ್ಯೂಬ್‌ಲೈಟ್ ಬೆಳಕಿಗಂತೂ ಪೂರ್ತಿ ಮಾಯ. ಎಲ್ಲ ಹಳದಿ ಕಂಬಕ್ಕೂ ಪೆನ್ಸಿಲ್‌ನಲ್ಲಿ ಅಂಚು ಕಟ್ಟಿದೆ, ಎರಡು ಸಂಜೆ ಹೋಯಿತು.

ಇದರ ನಡುವೆ ಒಂದು ಖುಷಿಯ ವಿಷಯ. ಈ ಹುಚ್ಚು ನನ್ನದೊಬ್ಬನದೇ ಅಲ್ಲ. ಸಾಶೋ ಬೆಳೆದದ್ದು ಕೋಚ್ ವಲೇರಿ ಲೊಬಾನೊವ್ಸ್ಕಿ ಕೈಯಲ್ಲಿ. ಲೊಬಾನೊವ್ಸ್ಕಿ ಓದಿದ್ದು ಎಂಜಿನಿಯರಿಂಗ್. ವಿಜ್ಞಾನಿ ಅನಾತೊಲಿ ಜೆಲೆಂತ್ಸೊವ್ ಜೊತೆ ಸೇರಿ, ಬೇರೆ ಕ್ಲಬ್‌ಗಳು ಕಂಪ್ಯೂಟರ್ ಮುಖ ನೋಡುವ ಮೊದಲೇ, ಪಂದ್ಯದಲ್ಲಿ ಯಾರು ಎಷ್ಟು ಪಾಸ್ ಕೊಟ್ಟರು, ಎಷ್ಟು ಸಲ ಚೆಂಡು ಕಳೆದುಕೊಂಡರು ಅಂತೆಲ್ಲ ಎಣಿಸಿ ಅಂಕ ಹಾಕುತ್ತಿದ್ದರು. ಪಂದ್ಯ ಮುಗಿದ ಮೇಲೆ ಆ ಪಟ್ಟಿ ಗೋಡೆಗೆ ಬರುತ್ತಿತ್ತು, ಆಟಗಾರರು ಹೋಗಿ ತಮ್ಮ ಹೆಸರಿನ ಮುಂದೆ ನೋಡಿಕೊಳ್ಳಬೇಕು, ಥೇಟ್ ಪರೀಕ್ಷೆ ಫಲಿತಾಂಶದ ಥರ. ಗೋಡೆಗೆ ಚಾರ್ಟ್ ಅಂಟಿಸುವ ನನಗೆ ಇದನ್ನು ಓದಿ ಸ್ವಲ್ಪ ಮರ್ಯಾದೆ ಬಂದ ಹಾಗಾಯಿತು.

ಮೂರನೇ ವಾರ: ಮೊದಲ ಎಡವಟ್ಟು

1997ಕ್ಕೆ ಬಂದೆ. ಚಾಂಪಿಯನ್ಸ್ ಲೀಗ್, ಅಂದರೆ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ, ಎದುರಾಳಿ ಬಾರ್ಸಿಲೋನಾ. ಕೀವ್‌ನಲ್ಲಿ 3-0. ಆಮೇಲೆ ನವೆಂಬರ್ 5ರಂದು ಬಾರ್ಸಿಲೋನಾದ ಸ್ವಂತ ಮೈದಾನದಲ್ಲೇ 4-0. ಡೈನಮೊದ ಆಂದ್ರಿ ಶೆವ್ಚೆಂಕೊ ಆ ರಾತ್ರಿ ಹ್ಯಾಟ್ರಿಕ್ ಹೊಡೆದು ಯುರೋಪಿಗೆಲ್ಲ ಗೊತ್ತಾದರು. ಎದುರಿಗೆ ರಿವಾಲ್ಡೊ ಇದ್ದರು, ಫಿಗೊ ಇದ್ದರು. ಎರಡು ಪಂದ್ಯ, 180 ನಿಮಿಷ, ಒಂದೂ ಗೋಲು ಒಳಗೆ ಹೋಗಲಿಲ್ಲ.

ಸರಿ, ಚಾರ್ಟ್‌ನಲ್ಲಿ ಏನು ಬಂತು? ಏನೂ ಇಲ್ಲ. ಕಂಬ ಇಲ್ಲ, ಬಣ್ಣ ಇಲ್ಲ, ಬರೀ ಖಾಲಿ ಚೌಕ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಸಾಶೋ ಆ ವರ್ಷ ಹಾಸಿಗೆ ಹಿಡಿದು ಮಲಗಿದ್ದರೇನೋ ಅನ್ನಿಸುತ್ತದೆ. ಬಿಟ್ಟ ಗೋಲು ಎಣಿಸಲು ಹೊರಟರೆ ಗೋಲ್‌ಕೀಪರ್ ಸೋತ ದಿನ ಮಾತ್ರ ಎದ್ದು ಕಾಣುತ್ತಾನೆ ಅನ್ನೋದು ಕಾಗದ ತರುವ ಮೊದಲೇ ತಲೆಗೆ ಹೋಗಬೇಕಿತ್ತು ಅಲ್ವಾ? ಹೋಗಲಿಲ್ಲ. ಹನ್ನೆರಡು ಹಾಳೆಗೂ ಗೋಂದು ಹಚ್ಚಿ ಆಗಿತ್ತು.

ಪುಸ್ತಕ ಹರಡಿಕೊಂಡು ಕೂತಿದ್ದ ಅಣ್ಣನ ಮಗಳು ಬಂದು ನೋಡಿದಳು. ಈ ವರ್ಷ ಶಾಲೆಯಲ್ಲಿ ಅವಳಿಗೂ ಗ್ರಾಫ್ ಪಾಠ ಇದೆ.

"ಚಿಕ್ಕಪ್ಪ, ಇಲ್ಲಿ ಪಂದ್ಯ ಇರಲಿಲ್ವಾ?"

"ಇತ್ತು ಕಣೇ, ಗೋಲು ಬಿಡಲಿಲ್ಲ."

"ಹಂಗಾದ್ರೆ ಸೊನ್ನೆ ಮೇಲೆ ಚುಕ್ಕಿ ಇಡ್ಬೇಕು. ಇಡದಿದ್ರೆ ನಮ್ಮ ಮಿಸ್ ಅರ್ಧ ಮಾರ್ಕ್ಸ್ ಕಟ್ ಮಾಡ್ತಾರೆ."

ಇಟ್ಟೆ. ಎರಡು ನೀಲಿ ಚುಕ್ಕಿ. ನಾಲ್ಕೂವರೆ ಮೀಟರ್ ಕಾಗದದಲ್ಲಿ ಸಾಸಿವೆ ಕಾಳಿನಷ್ಟು. ತೃಪ್ತಿ ಆಗಲಿಲ್ಲ, ಆದರೆ ಅರ್ಧ ಮಾರ್ಕ್ಸ್ ಉಳಿಯಿತು.

ನಾಲ್ಕು ಮತ್ತು ಐದನೇ ವಾರ: 1999

ಈ ಒಂದು ವರ್ಷಕ್ಕೆ 20 ಸೆಂಟಿಮೀಟರ್ ಸಾಲಲೇ ಇಲ್ಲ. ಪಕ್ಕಕ್ಕೆ ಒಂದು ತುಂಡು ಅಂಟಿಸಿ 35 ಮಾಡಿದೆ. ಗೋಡೆ ತಿರುಗುವ ಲೆಕ್ಕವೂ ಅಲ್ಲಿಗೆ ಕೆಟ್ಟಿತು.

ಮಾರ್ಚ್‌ನಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್. ಮ್ಯಾಡ್ರಿಡ್‌ನಲ್ಲಿ ರಿಯಲ್ ವಿರುದ್ಧ 1-1. ಆ ಒಂದು ಗೋಲು ಮಿಯಾತೊವಿಚ್ ಹೊಡೆದ ಫ್ರೀ ಕಿಕ್. ಕೀವ್‌ನಲ್ಲಿ 2-0, ಇನ್ನೊಂದು ಚುಕ್ಕಿ. ಏಪ್ರಿಲ್ 7, ಸೆಮಿಫೈನಲ್, ಕೀವ್, ಬಯರ್ನ್ ಮ್ಯೂನಿಕ್. ಡೈನಮೊ 2-0 ಮುಂದಿತ್ತು, ಆಮೇಲೆ 3-1 ಮುಂದಿತ್ತು, ಮುಗಿದದ್ದು 3-3. ತಾರ್ನಾಟ್ ಒಂದು ಫ್ರೀ ಕಿಕ್, ಎಫೆನ್‌ಬರ್ಗ್ ಇನ್ನೊಂದು ಫ್ರೀ ಕಿಕ್, ಕೊನೆಗೆ ಯಾಂಕರ್. ಎರಡು ವಾರ ಬಿಟ್ಟು ಮ್ಯೂನಿಕ್‌ನಲ್ಲಿ ಬಾಸ್ಲರ್ ದೂರದಿಂದ ತಿರುಗಿಸಿ ಹೊಡೆದ ಒಂದೇ ಗೋಲಿಗೆ ಸೋಲು. ಸಾಶೋ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಇಷ್ಟು ಹತ್ತಿರ ಮತ್ತೆ ಹೋಗಲಿಲ್ಲ. ಕೀವ್ ಪಂದ್ಯದ ಕಂಬ 6 ಸೆಂಟಿಮೀಟರ್. ಎರಡು ಸಲ ವಿಡಿಯೊ ನೋಡಿದೆ. ಫ್ರೀ ಕಿಕ್ ಎರಡರಲ್ಲೂ ಇನ್ನೊಂದು ಹೆಜ್ಜೆ ಸರಿಯಾಗಿ ಇಟ್ಟಿದ್ದರೆ ಅಂತ ಅನ್ನಿಸಿತು. ಸೋಫಾದ ಮೇಲೆ ಕೂತವನಿಗೆ ಹಾಗೆ ಅನ್ನಿಸುವುದು ಸಹಜ ಬಿಡಿ.

ಆದರೆ ಆ ವರ್ಷದ ಅಸಲಿ ಕತೆ ಇರೋದು ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ. ಯುರೋಪಿನ ದೇಶಗಳ ಟೂರ್ನಿ ಯೂರೊ 2000ಕ್ಕೆ ಅರ್ಹತಾ ಪಂದ್ಯ, ಅಕ್ಟೋಬರ್ 9, ಮಾಸ್ಕೊ, ರಷ್ಯಾ ವಿರುದ್ಧ ಉಕ್ರೇನ್. ಕಾರ್ಪಿನ್ ಗೋಲಿನಿಂದ ರಷ್ಯಾ 1-0 ಮುಂದೆ. ಆಟ ಮುಗಿಯಲು ಮೂರು ನಿಮಿಷ ಇರುವಾಗ ಶೆವ್ಚೆಂಕೊ ಎಡಗಡೆಯಿಂದ ಒಂದು ಫ್ರೀ ಕಿಕ್ ಎತ್ತಿ ಹಾಕಿದರು. ರಷ್ಯಾದ ಗೋಲ್‌ಕೀಪರ್ ಫಿಲಿಮೊನೊವ್ ಅದನ್ನು ಹಿಡಿಯಲು ಹೋಗಿ ತಮ್ಮ ಕೈಯಾರೆ ಗೋಲಿನೊಳಗೆ ಹಾಕಿಕೊಂಡರು. 1-1. ರಷ್ಯಾ ಮನೆಗೆ, ಉಕ್ರೇನ್ ಪ್ಲೇ ಆಫ್‌ಗೆ, ಅಂದರೆ ಅರ್ಹತೆಗೆ ಉಳಿದ ಕೊನೆಯ ಎರಡು ಪಂದ್ಯಕ್ಕೆ. ಆ ಬದಿಯಲ್ಲಿ ಫಿಲಿಮೊನೊವ್ ಕುಸಿದು ಕೂತಾಗ ಈ ಬದಿಯ ಗೋಲಿನಲ್ಲಿ ಇದ್ದದ್ದು ಸಾಶೋ.

ಐದೇ ವಾರ. ನವೆಂಬರ್ 13, ಲ್ಯುಬ್ಲಿಯಾನಾ, ಎದುರಾಳಿ ಸ್ಲೊವೇನಿಯಾ. ಶೆವ್ಚೆಂಕೊ ಮೊದಲು ಹೊಡೆದರು, ಜಾಹೊವಿಚ್ ಸಮ ಮಾಡಿದರು. ಇನ್ನೇನು 1-1 ಅಂತ ಮುಗಿಯುತ್ತದೆ ಅನ್ನುವಾಗ, 84ನೇ ನಿಮಿಷ, ಸಾಶೋ ತಮ್ಮ ಗೋಲಿನ ಜಾಗದಿಂದ ಮುಂದೆ ಬಂದಿದ್ದಾರೆ, ಆಚೆ ಕಳಿಸಿದ ಚೆಂಡು ಸೀದಾ ಮಿಲೆಂಕೊ ಅಚಿಮೊವಿಚ್ ಹತ್ತಿರ ಹೋಗುತ್ತದೆ, ಅವರು ಅಷ್ಟು ದೂರದಿಂದಲೇ ತಲೆ ಎತ್ತಿ ನೋಡಿ ಎತ್ತರಕ್ಕೆ ಹೊಡೆಯುತ್ತಾರೆ, ಸಾಶೋ ಹಿಂದಕ್ಕೆ ಓಡುತ್ತಾರೆ, ಚೆಂಡು ಖಾಲಿ ಗೋಲಿನೊಳಗೆ ಪುಟಿಯುತ್ತದೆ. 2-1. ನಾಲ್ಕು ದಿನ ಆದ ಮೇಲೆ ಕೀವ್‌ನ ಹಿಮದಲ್ಲಿ 1-1. ಯೂರೊ ಕೈತಪ್ಪಿತು.

ಈ ಪಂದ್ಯಕ್ಕೆ ಚಾರ್ಟ್‌ನಲ್ಲಿ ಬಂದ ಕಂಬ 4 ಸೆಂಟಿಮೀಟರ್. ಬಯರ್ನ್ ವಿರುದ್ಧದ ಕಂಬಕ್ಕಿಂತ ಗಿಡ್ಡ. ಅವರ ಆಟದ ಬದುಕಿನ ಅತಿ ಕೆಟ್ಟ ರಾತ್ರಿಗಳಲ್ಲಿ ಒಂದು, ಗ್ರಾಫ್ ಪ್ರಕಾರ ಸಾಧಾರಣ ದಿನ. ನನ್ನ ಅಳತೆ ಎರಡೂ ಕಡೆ ಸುಳ್ಳು ಹೇಳುತ್ತಿದೆ ಅಂತ ಆಗ ಒಪ್ಪಿಕೊಂಡೆ. ಆ ಕಂಬದ ಮೇಲೆ ಕೆಂಪು ಪೆನ್‌ನಲ್ಲಿ ಒಂದು ಉದ್ದನೆಯ ಕಮಾನು ಎಳೆದೆ, ಚೆಂಡು ಹೋದ ದಾರಿ. ಅಳತೆ ಇಲ್ಲ, ಸುಮ್ನೆ ಕೈಗೆ ಬಂದ ಹಾಗೆ. ಚಾರ್ಟ್‌ನಲ್ಲಿ ಮೊದಲ ಸಲ ಏನೋ ಸರಿ ಇದೆ ಅನ್ನಿಸಿತು.

ಆರನೇ ವಾರ

ಮಳೆ. ಗೋಡೆ ಬೆವರಿ 2001ರಿಂದ 2004ರವರೆಗಿನ ಹಾಳೆಗಳು ಎದ್ದು ಸುರುಳಿ ಸುತ್ತಿಕೊಂಡವು. ಗೋಂದಿನ ಬದಲು ಮೈದಾ ಅಂಟು ಹಚ್ಚಿದೆ, ಇರುವೆ ಬಂತು. 2002ರ ಮೇ 13ಕ್ಕೆ, ಲೊಬಾನೊವ್ಸ್ಕಿ ತೀರಿಕೊಂಡ ದಿನಕ್ಕೆ, ಎಳೆದಿದ್ದ ಕಪ್ಪು ಗೆರೆಯ ಮೇಲೇ ಇರುವೆ ಸಾಲು. ಈ ವಾರ ಬೇರೆ ಕೆಲಸ ಆಗಲಿಲ್ಲ.

ಏಳನೇ ವಾರ: 2006

ಸ್ವತಂತ್ರ ಉಕ್ರೇನ್‌ಗೆ ಇದು ಮೊದಲ ವಿಶ್ವಕಪ್. ಕೋಚ್ ಒಲೆಹ್ ಬ್ಲೊಖಿನ್. ಜೂನ್ 14ರಂದು ಲೈಪ್‌ಜಿಗ್‌ನಲ್ಲಿ ಸ್ಪೇನ್ ವಿರುದ್ಧ ಮೊದಲ ಪಂದ್ಯವೇ 0-4. 8 ಸೆಂಟಿಮೀಟರ್, ಚಾರ್ಟ್‌ನಲ್ಲಿ ಇಲ್ಲಿವರೆಗೆ ಅತಿ ಎತ್ತರದ ಕಂಬ. ಒಂದು ಫ್ರೀ ಕಿಕ್ ತಮ್ಮವರ ತಲೆಗೇ ತಾಗಿ ದಿಕ್ಕು ಬದಲಿಸಿತು, ಇನ್ನೊಂದು ಪೆನಾಲ್ಟಿ. ಕಂಬಕ್ಕೆ ಅದೆಲ್ಲ ಗೊತ್ತಾಗಲ್ಲ. ಆಮೇಲೆ ಸೌದಿ ಅರೇಬಿಯಾ ವಿರುದ್ಧ 4-0, ಟ್ಯುನೀಸಿಯಾ ವಿರುದ್ಧ 1-0. ಚುಕ್ಕಿ, ಚುಕ್ಕಿ.

ಮುಂದಿನದು ಸ್ವಿಟ್ಜರ್ಲೆಂಡ್, ಕೊಲೋನ್, ಜೂನ್ 26. ನಮಗೆ ಆಗ ರಾತ್ರಿ ಹನ್ನೆರಡೂವರೆ, ಅಂದರೆ ತಾರೀಖು 27. ಯಾವುದನ್ನು ಬರೆಯೋದು ಅಂತ ಹತ್ತು ನಿಮಿಷ ಯೋಚಿಸಿ ಜರ್ಮನಿಯ ತಾರೀಖನ್ನೇ ಬರೆದೆ. ಈ ಪಂದ್ಯ ನಾನು ಆವತ್ತೇ ಟಿವಿಯಲ್ಲಿ ನೋಡಿದ್ದೆ, ದನಿ ಪೂರ್ತಿ ಕಡಿಮೆ ಮಾಡಿ, ಕತ್ತಲಲ್ಲಿ. ಆ ವಿಶ್ವಕಪ್‌ನ ಅತಿ ಬೋರಿಂಗ್ ಪಂದ್ಯ ಅಂತ ಇದಕ್ಕೆ ಹೆಸರು. ಮೊದಲ ಅರ್ಧದಲ್ಲಿ ಶೆವ್ಚೆಂಕೊ ಹೆಡರ್ ಅಡ್ಡಪಟ್ಟಿಗೆ ಬಡಿಯಿತು, ಆಚೆ ಕಡೆ ಫ್ರೈ ಹೊಡೆದ ಫ್ರೀ ಕಿಕ್ ಕೂಡ ಅಡ್ಡಪಟ್ಟಿಗೆ. ಅಷ್ಟೇ, ಉಳಿದದ್ದು ಆಕಳಿಕೆ. 120 ನಿಮಿಷ, 0-0.

ಬೆಳಗಿನ ಜಾವ ಮೂರು ದಾಟಿತ್ತು, ಪೆನಾಲ್ಟಿ ಶುರು. ಮೊದಲು ಶೆವ್ಚೆಂಕೊ, ಸ್ವಿಟ್ಜರ್ಲೆಂಡ್ ಗೋಲ್‌ಕೀಪರ್ ಜುಬರ್‌ಬ್ಯೂಲರ್ ತಡೆದುಬಿಟ್ಟರು. ದೇಶದ ದೊಡ್ಡ ಆಟಗಾರನೇ ತಪ್ಪಿದ ಮೇಲೆ ಸಾಶೋ ಗೋಲಿಗೆ ನಡೆದು ಹೋಗಬೇಕು. ಸ್ಟ್ರೆಲರ್ ಹೊಡೆದರು, ಸಾಶೋ ತಡೆದರು. ಮಿಲೆವ್ಸ್ಕಿ ಅಷ್ಟು ಒತ್ತಡದಲ್ಲೂ ಚೆಂಡನ್ನು ಮೆಲ್ಲಗೆ ಎತ್ತಿ ನಡುವಿಗೇ ಹಾಕಿದರು, ಎಂಥಾ ಧೈರ್ಯ. ಬಾರ್ನೆಟಾ ಅಡ್ಡಪಟ್ಟಿಗೆ ಹೊಡೆದರು. ರೆಬ್ರೊವ್ ಗೋಲು. ಕಬಾನಾಸ್, ಮತ್ತೆ ಸಾಶೋ. ಹುಸಿಯೆವ್ ಗೋಲು, ಮುಗಿಯಿತು, 3-0. ವಿಶ್ವಕಪ್ ಪೆನಾಲ್ಟಿ ಶೂಟೌಟ್‌ನಲ್ಲಿ ಒಂದೂ ಗೋಲು ಬಿಡದ ಮೊದಲ ಗೋಲ್‌ಕೀಪರ್ ಆದರು ಸಾಶೋ. ಇದನ್ನೇ ಮತ್ತೆ ನೋಡಲು 16 ವರ್ಷ ಬೇಕಾಯಿತು, 2022ರಲ್ಲಿ ಮೊರಾಕೊದ ಬೋನೊ ಸ್ಪೇನ್ ವಿರುದ್ಧ ಮಾಡಿದರು.

ಇದು ಚಾರ್ಟ್‌ನ ತುತ್ತತುದಿ ಆಗಬೇಕಿತ್ತು. ನನ್ನ ಹತ್ತಿರ ಇರೋದು ಒಂದು ಚುಕ್ಕಿ. ಅದೂ ಟ್ಯುನೀಸಿಯಾ ವಿರುದ್ಧದ ಚುಕ್ಕಿಯಷ್ಟೇ ದಪ್ಪ.

ಮೂರು ದಿನ ಒದ್ದಾಡಿದೆ. ಕಂಬಗಳನ್ನೆಲ್ಲ ತಲೆಕೆಳಗು ಮಾಡಿದರೆ ಹೇಗೆ ಅಂತ ಯೋಚಿಸಿದೆ, ಹಾಳೆ ಹರಿಯುತ್ತದೆ. ತಡೆದ ಹೊಡೆತಗಳನ್ನು ಎಣಿಸೋಣ ಅಂದುಕೊಂಡೆ. ಆದರೆ ಗೋಲ್‌ಕೀಪರ್ ಸರಿಯಾದ ಜಾಗದಲ್ಲಿ ನಿಂತಿದ್ದಕ್ಕೇ ಎದುರಾಳಿ ಹೊಡೆಯದೆ ಬಿಟ್ಟಿದ್ದನ್ನು ಎಲ್ಲಿ ಬರೆಯಲಿ? ಇನ್ನೊಂದು ತಮಾಷೆ ಇದೆ. ಆ ವಿಶ್ವಕಪ್‌ನಲ್ಲಿ ಸ್ವಿಟ್ಜರ್ಲೆಂಡ್ 390 ನಿಮಿಷ ಆಡಿ, ಒಂದೂ ಗೋಲು ಬಿಡದೆ ಮನೆಗೆ ಹೋಯಿತು. ಜುಬರ್‌ಬ್ಯೂಲರ್‌ಗೆ ಇದೇ ಥರ ಚಾರ್ಟ್ ಮಾಡಿದ್ದರೆ ನಾಲ್ಕು ಪಂದ್ಯಕ್ಕೆ ನಾಲ್ಕು ಚುಕ್ಕಿ, ಸೋತವರದ್ದೇ ಜಾಸ್ತಿ ಚೆಂದ ಕಾಣುತ್ತಿತ್ತು.

ಕೊನೆಗೆ ಮಾಡಿದ್ದು ಇಷ್ಟು. ಆ ಚುಕ್ಕಿಯ ಸುತ್ತ ಅಂಗೈ ಅಗಲದ ಜಾಗವನ್ನು ಖಾಲಿ ಬಿಟ್ಟೆ, ಗ್ರಾಫ್ ಗೆರೆಗಳನ್ನೂ ಬಿಳಿ ಬಣ್ಣದಿಂದ ಮುಚ್ಚಿದೆ. ಈಗ ಬಾಗಿಲಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳೋದು ಆ ಬಿಳಿ. ಬಾರ್ಸಿಲೋನಾದ ಎರಡು ಚುಕ್ಕಿಗೂ ಹಾಗೇ ಮಾಡಿದೆ, ಸ್ವಲ್ಪ ಚಿಕ್ಕದಾಗಿ. ಸ್ವಿಟ್ಜರ್ಲೆಂಡ್ ಚುಕ್ಕಿಯ ಪಕ್ಕದಲ್ಲೇ ಇಟಲಿ ವಿರುದ್ಧ ಕ್ವಾರ್ಟರ್ ಫೈನಲ್, 0-3, 6 ಸೆಂಟಿಮೀಟರ್ ಹಳದಿ.

ಒಂಬತ್ತನೇ ವಾರ

ಗೋಡೆ ತಿರುಗಿದ ಮೇಲಿನ ಭಾಗ ಬೇಗ ಬೇಗ ಆಯಿತು. 2012ರಲ್ಲಿ ಯೂರೊ ತಮ್ಮ ಊರಿಗೇ ಬಂದಾಗ ಸಾಶೋಗೆ ಭುಜದ ಗಾಯ, ಗೋಲಿನಲ್ಲಿ ನಿಂತಿದ್ದು ಆಂದ್ರಿ ಪ್ಯಾತೊವ್. ಅಲ್ಲಿ ಚುಕ್ಕಿಯೂ ಇಲ್ಲ, ಬಿಳಿಯೂ ಇಲ್ಲ, ಬರೀ ಗ್ರಾಫ್ ಹಾಳೆ. ದೇಶದ ಪರ ಲೆಕ್ಕ 92 ಪಂದ್ಯಕ್ಕೆ ನಿಂತಿತು. 2014ರಲ್ಲಿ ಡೈನಮೊಗೆ ಕೋಚ್ ಆಗಿ ಬಂದವರು ಸೆರ್ಹಿ ರೆಬ್ರೊವ್, ಕೊಲೋನ್‌ನಲ್ಲಿ ಜೊತೆಗೆ ಪೆನಾಲ್ಟಿ ಹೊಡೆದಿದ್ದ ಅದೇ ರೆಬ್ರೊವ್. ಜೊತೆಗಾರ ಕೋಚ್ ಆದರೂ ಇವರು ಇನ್ನೂ ಗ್ಲೌಸ್ ಬಿಚ್ಚಿರಲಿಲ್ಲ. 2016ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ 1-3, ವಯಸ್ಸು 41. ಆ ವರ್ಷ ಲೀಗ್ ಗೆದ್ದು ಒಟ್ಟು 14 ಲೀಗ್ ಪ್ರಶಸ್ತಿ. ಅವಕ್ಕೆ ಅಂಗಡಿಯಿಂದ ಚಿನ್ನದ ಬಣ್ಣದ ಸ್ಟಿಕ್ಕರ್ ತಂದೆ. ಹಾಳೆಗೆ ಹನ್ನೆರಡೇ ಇತ್ತು, ಎರಡಕ್ಕೋಸ್ಕರ ಇನ್ನೊಂದು ಹಾಳೆ ಕೊಂಡೆ.

ಈಗಿನ ತಕರಾರು: 2023ರ ಕೊನೆಗೆ ಸಾಶೋ ಡೈನಮೊದ ಮುಖ್ಯ ಕೋಚ್ ಆದರು. ಯುದ್ಧದ ನಡುವೆಯೇ 2024-25ರ ಲೀಗನ್ನು ಒಂದೂ ಪಂದ್ಯ ಸೋಲದೆ ಗೆದ್ದರು. ಇದನ್ನು ಸೇರಿಸಲು ಬಾಗಿಲ ಪಕ್ಕದಲ್ಲಿ ಜಾಗ ಇದೆ. ಆದರೆ ಬೆಂಚಿನ ಮೇಲೆ ಕೂತವರ ಲೆಕ್ಕಕ್ಕೆ ಬೇರೆಯವರು ಬಿಟ್ಟ ಗೋಲು ಬರೆಯೋದು ನನಗೆ ಸರಿ ಕಾಣುತ್ತಿಲ್ಲ. ಅಣ್ಣನ ಮಗಳು ಬೇರೆ ಬಣ್ಣ ಹಾಕಿ ಬರೀ ಅನ್ನುತ್ತಾಳೆ. ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಚೌಕ ಮಾತ್ರ ಹಾಕಿಟ್ಟಿದ್ದೇನೆ.

ಮುಂದಿನ ವಾರ 1998ಕ್ಕೆ ವಾಪಸ್. ಪ್ರಾಗ್‌ನಲ್ಲಿ ಸ್ಪಾರ್ಟಾ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದ ಪಂದ್ಯ ಬಿಟ್ಟೇಹೋಗಿದೆ. ಅದನ್ನು ಗೆಲ್ಲದಿದ್ದರೆ ಮ್ಯಾಡ್ರಿಡ್ಡೂ ಇಲ್ಲ, ಬಯರ್ನೂ ಇಲ್ಲ. ಅದಕ್ಕೂ ಮೊದಲು 2003ರ ಹಾಳೆಯಿಂದ ಇರುವೆ ಓಡಿಸಬೇಕು.